ಮಂಚದ ಕೆಳಗಿನ ಒಲೆ

ಮಂಡಿ ಮೊಹಲ್ಲಾ, ಮೈಸೂರು
ಆಷಾಢದ ಎರಡನೇ ಶುಕ್ರವಾರ

ಪ್ರೀತಿಯ ಸಿಂಚನಾ,

ನಿನ್ನ ಅತ್ತೆ ಸುಮಿತ್ರಮ್ಮನ ಆಶೀರ್ವಾದ. ಆರೋಗ್ಯವಾಗಿದ್ದೀಯಾ? ನೆಗಡಿ ಬಿಟ್ಟಿತೇ? ಮೊದಲ ಆಷಾಢಕ್ಕೆ ಮಗಳು ಬಂದಿದ್ದಾಳೆಂದು ನಿಮ್ಮಮ್ಮ ಮೂರು ಹೊತ್ತೂ ಬಿಸಿಬಿಸಿ ಮಾಡಿ ಹಾಕುತ್ತಿರಬೇಕು. ಅದರ ರುಚಿಗೆ ಅತ್ತೆ ಮನೆ ಮರೆತೀಯ, ಜೋಕೆ. ನನ್ನ ಮಗರಾಯ ಲಿಖಿತ್ ಚೆನ್ನಾಗಿದ್ದಾನೆ. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಈ ವಾರವೂ ಬೆಳಗಿನ ಶಿಫ್ಟು. ನಾನು ಕಟ್ಟಿಕೊಟ್ಟ ಚಿತ್ರಾನ್ನವನ್ನು ಮಾತಾಡದೆ ತೆಗೆದುಕೊಂಡು ಹೋಗುತ್ತಾನೆ, ಚೆನ್ನಾಗಿದೆ ಎನ್ನುವುದಿಲ್ಲ, ನನಗೆ ಅದರಲ್ಲೇ ಅನುಮಾನ. ಫೋನ್ ಬಿಟ್ಟು ಕಾಗದ ಏಕೆ ಎನ್ನಬೇಡ. ಈ ವಠಾರದ ಗೋಡೆಗಳು ನಿನಗೆ ಗೊತ್ತಲ್ಲ. ನಾನು ಇಲ್ಲಿ ಕೆಮ್ಮಿದರೆ ಪಕ್ಕದ ಮನೆ ಮುದ್ದಮ್ಮ ಅಲ್ಲಿಂದಲೇ ಕಷಾಯ ಹೇಳುತ್ತಾಳೆ. ಮಾರ್ಕೆಟ್ಟಿಗೆ ಸೊಪ್ಪು ತರುವ ನಿಮ್ಮೂರ ಮಹದೇವನ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಅಂಟು ಹಾಕಿದ್ದೇನೆ, ಬಿಚ್ಚಿದಂತೆ ಕಂಡರೆ ಹೇಳು.

ಹಿಂದಿನ ಗೋಡೆ ಬಿರುಕು ಬಿಟ್ಟಿದ್ದನ್ನು ನೀನೇ ನೋಡಿದ್ದೀಯ. ಈಗ ವಠಾರವನ್ನೇ ಕೆಡವಬೇಕೆಂದು ತೀರ್ಮಾನವಾಗಿದೆ. ಯಾರನ್ನೂ ಬೀದಿಪಾಲು ಮಾಡುವುದಿಲ್ಲ, ಹೊಸದು ಕಟ್ಟುವ ತನಕ ಬಾಡಿಗೆ ಕೊಡುತ್ತೇವೆ, ಆಮೇಲೆ ಇಲ್ಲೇ ಮನೆ ಕೊಡುತ್ತೇವೆ ಎಂದು ಕಾರ್ಪೊರೇಷನ್ ಆಫೀಸಿನವರು ಮೈಕಿನಲ್ಲಿ ಕೂಗಿಕೊಂಡು ಹೋದರು. ಸುಮ್ಮಸುಮ್ಮನೆ ಮನೆ ಕೊಡುವವರನ್ನು ನಾನಂತೂ ಕಂಡಿಲ್ಲ. ಕಿಟಕಿ ಮುಚ್ಚಿಕೊಂಡೆ. ಮಾರನೆಯ ದಿನ ಸೌಮ್ಯಶ್ರೀ ಎಂಬ ಹುಡುಗಿ ಲೆಕ್ಕ ಬರೆದುಕೊಳ್ಳಲು ಬಂದಳು. ಮಾತು ಬೆಣ್ಣೆ. "ಅಮ್ಮಾ, ನಿಮ್ಮನೇಲಿ ಎಷ್ಟು ಒಲೆ ಇದೆ?" ಎಂದಳು. ಎಲ್ಲ ಬಿಟ್ಟು ಒಲೆಯ ಸುದ್ದಿ ಏಕೆ? ಮುದ್ದಮ್ಮ ಹೇಳಿಕೊಟ್ಟು ಕಳಿಸಿದ್ದಾಳೆ ಎಂದು ನನ್ನ ಮೈಯೆಲ್ಲ ಉರಿಯಿತು. ಲಿಖಿತನ ಶಿಫ್ಟಿಗೆ ನಸುಕಿನಲ್ಲೇ ಅಡುಗೆಯಾಗಬೇಕು, ಅತ್ತೆಯ ನಿದ್ದೆ ಕೆಡಬಾರದು ಎಂದು ನೀನು ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿದ್ದು ನನಗೆ ಗೊತ್ತು, ವಠಾರಕ್ಕೆ ಗೊತ್ತೇ? ಸೊಸೆ ಬಂದ ತಿಂಗಳಿಗೇ ಬೇರೆಯಾದರು ಎಂದು ಆಡಿಕೊಳ್ಳುವುದಕ್ಕೆ ಅಷ್ಟು ಸಾಕು. ಅದಕ್ಕೇ ನೀನು ತವರಿಗೆ ಹೊರಟ ದಿನವೇ ಆ ಗ್ಯಾಸ್ ಒಲೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದ್ದೆ. "ಒಂದೇ ಒಲೆ ಕಣಮ್ಮ, ನಾವೇನು ಬೇರೆ ಆಗಿಲ್ಲ" ಎಂದು ಗೋಡೆಯಾಚೆಗೂ ಕೇಳಿಸುವಂತೆ ಹೇಳಿದೆ. ಹುಡುಗಿ ಮತ್ತೊಮ್ಮೆ ಕೇಳಿದಳು. ನಾನೂ ಮತ್ತೊಮ್ಮೆ ಅದನ್ನೇ ಹೇಳಿದೆ.

ಮುದ್ದಮ್ಮ ಏನು ಮಾಡಿದಳು ಗೊತ್ತೇ? ಮಗ-ಸೊಸೆಯ ಒಲೆಯನ್ನು ಬಾಗಿಲಿಗೇ ತಂದಿಟ್ಟು, "ನಾವು ಬೇರೆ ಆಗ್ಬುಟ್ಟಿದ್ದೀವಿ ಕಣವ್ವ, ನೋಡ್ಕೊ!" ಎಂದು ಕೂಗಿದಳು. ಮಾನ ಬಿಟ್ಟವಳು ಅಂದುಕೊಂಡೆ. ಸಂಜೆ ನಲ್ಲಿಯ ಹತ್ತಿರ ಅವಳೇ, "ಒಂದು ಒಲೆಗೆ ಒಂದು ಮನೆ ಅಂತೆ, ನೀವು ಒಂದೇ ಅಂದ್ಬುಟ್ರಲ್ಲ ಯಾಕೆ ಸುಮಿತ್ರಕ್ಕ?" ಎಂದಳು. ತುಂಬಿದ ಕೊಡವನ್ನು ನಲ್ಲಿಯ ಕೆಳಗೇ ಮರೆತು ಬಂದೆ. ಮೈಕಿನಲ್ಲೂ ಅದನ್ನೇ ಕೂಗಿದ್ದರಂತೆ. ಆದರೂ ಗೊತ್ತಿದ್ದವಳು ಒಂದು ಮಾತು ಮೊದಲೇ ಹೇಳಬಾರದಿತ್ತೇ? ಬೇಕೆಂದೇ ಸುಮ್ಮನಿದ್ದಳು ಎಂದು ನನ್ನ ಗುಮಾನಿ.

ಅಂದಿನಿಂದ ಇದೇ ಯೋಚನೆ. ಒಂದೇ ಮನೆ ಸಿಕ್ಕರೆ ನೀವಿಬ್ಬರು ಎಲ್ಲಿರುತ್ತೀರಿ? ಫ್ಯಾಕ್ಟರಿ ಹತ್ತಿರ ಬಾಡಿಗೆ ಮನೆ ನೋಡುತ್ತೀರಿ. ಬೆಳಿಗ್ಗೆ ನಿನ್ನ ಒಗ್ಗರಣೆಯ ಸದ್ದಿಗೆ ಎಚ್ಚರವಾಗಿ, ಮತ್ತೆ ಮಗ್ಗುಲಾಗುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಬಾಯಿಬಿಟ್ಟು ಹೇಳುತ್ತೇನೆ, ನೀನು ಪಕ್ಕದಲ್ಲೇ ಇರಬೇಕು ಕಣೇ.

ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ತಲೆಗೆ ಎಣ್ಣೆ ಹಚ್ಚಿಕೋ. ಬೆಟ್ಟದ ತಾಯಿ ನಿನ್ನನ್ನು ಕಾಪಾಡಲಿ.

ಇಂತಿ,
ನಿನ್ನ ಅತ್ತೆ
ಸುಮಿತ್ರಮ್ಮ

ಮಹದೇವ ಅವಸರ ಮಾಡುತ್ತಿದ್ದಾನೆ, ಮುಖ್ಯವಾದ್ದೇ ಉಳಿಯಿತು. ಪಟ್ಟಿಯಲ್ಲಿ ಬಿಟ್ಟುಹೋದವರನ್ನು ಸೇರಿಸಲು ಸೌಮ್ಯಶ್ರೀ ಸೋಮವಾರ ಬೆಳಿಗ್ಗೆ ಮತ್ತೆ ಬರುತ್ತಾಳೆ. ಉರಿಯುವ ಒಲೆಯನ್ನೂ ಅದರ ಮುಂದೆ ನಿಂತವಳನ್ನೂ ಕಣ್ಣಾರೆ ನೋಡಬೇಕಂತೆ. ಭಾನುವಾರವೇ ಬಂದುಬಿಡು. ಆಷಾಢದಲ್ಲಿ ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂದು ನಿಮ್ಮಮ್ಮ ತಡೆದರೆ, ಅತ್ತೆ ಆ ಹೊಸ್ತಿಲು ದಾಟುವುದಿಲ್ಲವಂತೆ ಎಂದು ಹೇಳು. ನಾನು ಮುದ್ದಮ್ಮನ ಮನೆಯಲ್ಲಿರುತ್ತೇನೆ. ಕೇಳಿದ ಕೂಡಲೇ ಒಪ್ಪಿದಳು, ಯಾಕೋ ಗೊತ್ತಿಲ್ಲ. ಮಂಚದ ಕೆಳಗಿಂದ ಒಲೆ ತೆಗೆದು ಹಚ್ಚು, ಬಾಗಿಲು ಪೂರ್ತಿ ತೆರೆದಿಡು, ನಾವು ಬೇರೆ ಆಗಿದ್ದೀವಿ ಎಂದು ಗಟ್ಟಿಯಾಗಿ ಹೇಳು. ಗೋಡೆಯಾಚೆ ನಾನು ಕಿವಿಗೊಟ್ಟು ಕೂತಿರುತ್ತೇನೆ.