ಕಾರಿನ ಕನ್ನಡಿಗೆ ಕಟ್ಟಿದ ಟಗರಿನ ಗಂಟೆ

ಪ್ರಭ್ಯಾ,

ನಾನು ಕೊಣ್ಣೂರಿಗೆ ಕಬ್ಬು ಹೇರಲು ಹೊರಟೆ. ಇಲ್ಲದಿದ್ದರೆ ಕಾರಿನ ಕೀಲಿ ಕೊಡುವ ಬದಲು ನಿನ್ನ ಕೈ ಮುರಿಯುತ್ತಿದ್ದೆ. ಬಾಣಂತನಕ್ಕೆ ತಂಗಿ ಮಾಯಾಳನ್ನು ಗಂಡನ ಊರು ದಡ್ಡಿಯಿಂದ ಇವತ್ತೇ ಕರೆತರಬೇಕು. ಹೋಗು.

ಬಂಪರಿನ ರಕ್ತ ನಾನೇ ತೊಳೆದೆ. "ಇಳುಕಲಿನಾಗ ಇಂಜಿನ್ ಬಂದ್ ಮಾಡಿದ್ರ ಹನಿ ಡೀಸೆಲ್ ಹೋಗಂಗಿಲ್ಲೋ ಅಣ್ಣಾ" ಎಂದು ಹಲ್ಲು ಕಿಸಿದೆಯಲ್ಲ, ಇಂಜಿನ್ ಸತ್ತರೆ ಬ್ರೇಕ್ ತುಳಿದರೂ ಇಳಿಯದೆ ಕಲ್ಲಾಗುತ್ತದಲೇ ಮಂಗ್ಯಾ! ಅಪ್ಪ ಕೈತುತ್ತು ಕೊಟ್ಟು ಬೆಳೆಸಿದ ಟಗರು ಅದಕ್ಕೇ ಸತ್ತಿತು. ಇಳಿಜಾರಿನಲ್ಲಿ ಗೇರು ಬಿಡಬೇಡ, ಆಕ್ಸಲರೇಟರಿನಿಂದ ಕಾಲು ತೆಗೆ, ಡೀಸೆಲ್ ತಾನೇ ಉಳಿಯುತ್ತದೆ. ಮೈಲೇಜ್ ತಿನ್ನುತ್ತಿರುವುದು ನೀನು ಬೆರೆಸುವ ಸೀಮೆಎಣ್ಣೆ, ಗಾಳಿಯಿಲ್ಲದ ಟೈರು, ನಿನ್ನ ಹುಚ್ಚು ಓಟ. ಟ್ಯಾಂಕ್ ಬಸಿದು ಬಂಕಿನ ಡೀಸೆಲ್ ತುಂಬಿಸಿದ್ದೇನೆ. ಗಾಳಿಯನ್ನಾದರೂ ನೀನು ಹೊಡೆಸು.

ಬುಟ್ಟಿಯಲ್ಲಿ ರೊಟ್ಟಿ ಇದೆ, ತಿಂದು ಹೊರಡು. ಅಪ್ಪನ ಎದುರು ಕೂತು ತಿನ್ನಬೇಡ, ಅವನಿನ್ನೂ ಉಂಡಿಲ್ಲ.

ಸತ್ತ ಟಗರಿನ ಗಂಟೆಯನ್ನು ಒಳಗಿನ ಕನ್ನಡಿಗೆ ಕಟ್ಟಿದ್ದೇನೆ. ನೆಟ್ಟಗೆ ಓಡಿಸಿದರೆ ಅದು ಸುಮ್ಮನಿರುತ್ತದೆ. ದಾರಿಯುದ್ದಕ್ಕೂ ಬಡಿದುಕೊಂಡಿತು ಎಂದು ಮಾಯಾ ಹೇಳಿದಳೋ, ಅದನ್ನು ಬಿಚ್ಚಿ ನಿನ್ನ ಕೊರಳಿಗೆ ಕಟ್ಟಿ, ಅಪ್ಪನ ಕುರಿಹಿಂಡಿನ ಮುಂದೆ ನಿನ್ನನ್ನೇ ಹೊಡೆದುಕೊಂಡು ಹೋಗುತ್ತೇನೆ.

ಸದಾ