ಎರಡನೆಯ ಹೋಳಿಗೆ

ಬೆಟಗೇರಿ
ಫೆಬ್ರವರಿ 30, 2171

ಗಿರಿಜಜ್ಜಿಯವರಿಗೆ, ಆರು ತಲೆಮಾರು ಈಚಿನ ಈಶಪ್ಪನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಹಿರಿಯರು ಯಾವಾಗಲೋ ಕ್ಯಾಲೆಂಡರು ತಿದ್ದಿ ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿದರು. ಉಳಿದ ಐದು ದಿನಗಳಿಗೆ ಹೆಸರಿಲ್ಲ, ಆ ದಿನಗಳಲ್ಲಿ ನಾವು ಸುಣ್ಣ ಬಳಿಯುತ್ತೇವೆ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರ ಎನಿಸಬಹುದು. ಕ್ಷಮಿಸಿ. ಬದುಕಿರುವವರ ಮುಂದೆ ಹೇಳಲಾಗದ ಒಂದು ಸಂಗತಿ ಇದೆ, ಅದಕ್ಕೇ ನಿಮ್ಮನ್ನು ಹಿಡಿದುಕೊಂಡಿದ್ದೇನೆ.

ನಿಮ್ಮ ಪರಿಚಯ ನನಗೆ ನಿಮ್ಮ ಟ್ರಂಕಿನಿಂದ ಆಯಿತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ‘ಕು. ಗಿರಿಜಾ, ಬೆಟಗೇರಿ – ಧಾರವಾಡ’ ಎಂದು ಬರೆದದ್ದು ಇನ್ನೂ ಓದಲು ಬರುತ್ತದೆ. ನಿಮ್ಮ ಕಾಲದಲ್ಲೂ ಕೆಲಸಗಳು ನಿಂತುಹೋಗಿದ್ದ ಒಂದು ಕೆಟ್ಟ ವರ್ಷ ಬಂದಿತ್ತಂತೆ, ಆಗ ನೀವು ಓದಲಿಕ್ಕೆಂದು ಧಾರವಾಡಕ್ಕೆ ಹೋದಿರಂತೆ. ಈ ಮನೆಯಲ್ಲಿ ಅದನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಾಳೆ ಬೆಳಗಿನ ಬಂಡಿಗೆ ನಾವು ನಾಲ್ವರು, ಅಂದರೆ ನಾನು, ಹೆಂಡತಿ ಕಸ್ತೂರಿ ಮತ್ತು ಇಬ್ಬರು ಹೆಣ್ಣುಮಕ್ಕಳು, ಅದೇ ಟ್ರಂಕು ಹೊತ್ತು ಅದೇ ಊರಿಗೆ ಹೊರಟಿದ್ದೇವೆ. ಒಂದು ಮನೆಗೆ ಒಂದೇ ಪೆಟ್ಟಿಗೆ ಎಂದು ನಿಯಮವಿದೆ. ನಿನ್ನೆಯಿಂದ ತುಂಬುತ್ತಿದ್ದೇನೆ, ಮತ್ತೆ ಖಾಲಿ ಮಾಡುತ್ತಿದ್ದೇನೆ.

ನಮ್ಮ ಕೆಟ್ಟ ಕಾಲಕ್ಕೆ ನಾವು ಇಳಿಗಾಲ ಎನ್ನುತ್ತೇವೆ. ಶುರುವಾಗಿ ಹನ್ನೊಂದು ವರ್ಷವಾಯಿತು. ನಾನು ಗುಡ್ಡದ ಗಾಳಿಕಂಬಗಳನ್ನು ಹತ್ತಿ ರಿಪೇರಿ ಮಾಡುತ್ತಿದ್ದವನು. ಬಿಡಿಭಾಗಗಳು ಬರುವುದು ನಿಂತ ಮೇಲೆ ನೂರು ಕಂಬಗಳಲ್ಲಿ ಎಂಟು ಮಾತ್ರ ತಿರುಗುತ್ತಿವೆ, ಅವಕ್ಕೆ ನನ್ನಂಥವರು ನಲವತ್ತು ಜನ ಕಾದಿದ್ದೇವೆ. ಕರೆಂಟು ಸಾಲದೆ ಮನೆಗೊಂದು ಒಲೆ ಎಂಬುದು ಹೋಯಿತು. ಈಗ ನಾಲ್ಕೈದು ಮನೆ ಸೇರಿ ಒಂದು ಒಲೆ. ಮನೆಗಳು ಪಾಳಿ ಪ್ರಕಾರ ಎಲ್ಲರಿಗೂ ಅಡುಗೆ ಮಾಡುತ್ತವೆ, ಎಲ್ಲರೂ ಮಧ್ಯಾಹ್ನ ಒಂದೇ ಪಡಸಾಲೆಯಲ್ಲಿ ಕೂತು ಉಣ್ಣುತ್ತೇವೆ. ಕಸ್ತೂರಿಯ ಸಾರಿಗೆ ಉಪ್ಪು ಜಾಸ್ತಿ ಎಂದು ಹನ್ನೊಂದು ವರ್ಷದಿಂದ ದೂರುತ್ತಾ ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ. ಜಗಳ, ಬಾಣಂತನ, ಜ್ವರ ಎಲ್ಲವೂ ಒಲೆಯದೇ. ಒಲೆಯ ಜನ ಹನ್ನೆರಡಕ್ಕಿಂತ ಕಡಿಮೆಯಾದರೆ ಅದನ್ನು ಆರಿಸಿ, ಉಳಿದವರನ್ನು ಬೇರೆ ಬೇರೆ ಒಲೆಗಳಿಗೆ ಹಂಚುತ್ತಾರೆ. ನಮ್ಮದು ಹದಿನೈದು ಜನರ ಒಲೆ.

ವಿಶ್ವವಿದ್ಯಾಲಯಗಳಿರುವ ಊರುಗಳಿಗೆ ನಾವು ಓದೂರು ಎನ್ನುತ್ತೇವೆ. ಬೀಜ, ಔಷಧಿ, ಯಂತ್ರಗಳ ವಿದ್ಯೆ ಅಲ್ಲಿ ಉಳಿಯಬೇಕೆಂದು ಇಳಿಗಾಲದಲ್ಲೂ ಆ ಊರುಗಳಿಗೆ ಕರೆಂಟು ತಪ್ಪಿಸುವುದಿಲ್ಲ. ಅಲ್ಲಿ ಮನೆಗೊಂದು ಒಲೆ ಇದೆ. ಬಿಸಿನೀರು ಬೇಕಾದಷ್ಟು. ಬೇಸಿಗೆಯಲ್ಲಿ ಫ್ಯಾನು ತಿರುಗುತ್ತದೆ. ನನ್ನ ಹಿರಿಯ ಮಗಳು ನೀಲಾಂಬಿಕೆಗೆ ಬಣ್ಣಗಳ ರಸಾಯನ ಓದಲು ಅಲ್ಲಿ ಸೀಟು ಸಿಕ್ಕಿತು, ಜೊತೆಗೆ ಮನೆಯವರೆಲ್ಲ ಇರಬಹುದಾದ ಎರಡು ಕೋಣೆ. ಕಾಗದ ಬಂದ ದಿನ ನಾನು ಅತ್ತೆ. ಎಲ್ಲರೂ ಮಗಳ ಮೇಲಿನ ಪ್ರೀತಿ ಎಂದುಕೊಂಡರು. ನನಗೆ ನೆನಪಾಗಿದ್ದು ಫ್ಯಾನು.

ಆ ಸೀಟು ನೀಲಾಂಬಿಕೆಗೆ ಸಿಕ್ಕಿದ್ದು ದುಂಡವ್ವನಿಂದ. ದುಂಡವ್ವ ನಮ್ಮ ಒಲೆಯವಳು, ಐವತ್ತರ ಹತ್ತಿರದವಳು, ಒಂಟಿ, ನೇಕಾರಳು. ನನ್ನನ್ನು ಅಣ್ಣಾ ಎನ್ನುತ್ತಾಳೆ, ಬರೀ ಬಾಯಿಮಾತಿಗಲ್ಲ. ಅಡುಗೆ ಮುಗಿದ ಮೇಲೆ ಒಲೆಯಲ್ಲಿ ಉಳಿಯುವ ಬಿಸಿ ಅವಳ ಪಾಲು. ಅದರ ಮೇಲೆ ಹಂಡೆಯಿಟ್ಟು ದಾಳಿಂಬೆ ಸಿಪ್ಪೆ, ಅಳಲೆಕಾಯಿ ಕುದಿಸಿ ನೂಲಿಗೆ ಬಣ್ಣ ಕಟ್ಟುತ್ತಾಳೆ. ನನ್ನ ಮಗಳು ಏಳನೆಯ ವಯಸ್ಸಿನಿಂದ ಆ ಹಂಡೆಯ ಪಕ್ಕದಲ್ಲೇ ಕೂತು ಕಲಿತಳು. ನಾವು ನಾಲ್ವರು ಹೋದರೆ ಹನ್ನೊಂದು ಉಳಿಯುತ್ತದೆ, ಒಲೆ ಆರುತ್ತದೆ. ಉಳಿದ ಮನೆಯವರಿಗೆ ಬೇರೆ ಒಲೆಗಳಲ್ಲಿ ನೆಂಟರಿದ್ದಾರೆ, ಅವರಿಗೆ ಚಿಂತೆಯಿಲ್ಲ. ದುಂಡವ್ವನಿಗೂ ಎಲ್ಲೋ ಊಟ ಸಿಗುತ್ತದೆ, ಆದರೆ ಎಲ್ಲ ಒಲೆಗಳ ಉಳಿದ ಬಿಸಿಗೂ ಈಗಾಗಲೇ ಹಕ್ಕುದಾರರಿದ್ದಾರೆ. ಅವಳ ಹಂಡೆಗೆ ಜಾಗವಿಲ್ಲ. ಬಣ್ಣವಿಲ್ಲದಿದ್ದರೆ ಮಗ್ಗವೂ ಇಲ್ಲ.

ಅವಳು ನನ್ನ ಹತ್ತಿರ ಬಂದು ಸರಳವಾಗಿ ಕೇಳಿದಳು: “ಅಣ್ಣಾ, ನೀ ಒಬ್ಬಾಂವ ಒಂದ್ ವರ್ಷ ಉಳೀಪಾ. ಹನ್ನೆರಡ ಆಗ್ತೈತಿ. ಅಷ್ಟರಾಗ ನಾ ಏನರ ದಾರಿ ಹುಡುಕ್ಕೋತೀನಿ.” ನ್ಯಾಯವಾದ ಮಾತು. ಹೆಂಡತಿ ಮಕ್ಕಳಿಗೆ ನಾನಿಲ್ಲದೆ ಒಂದು ವರ್ಷ ಏನೂ ಆಗುತ್ತಿರಲಿಲ್ಲ. “ಹೆಣ್ಮಕ್ಕಳನ್ನಷ್ಟ ಹೊಸ ಊರಿಗೆ ಹೆಂಗ ಕಳಸ್ಲಿ ತಂಗೆವ್ವಾ” ಎಂದೆ. ಕಸ್ತೂರಿ ನನಗಿಂತ ಗಟ್ಟಿಗಿತ್ತಿ ಎಂಬುದು ಇಡೀ ಓಣಿಗೆ ಗೊತ್ತು. ದುಂಡವ್ವ ನನ್ನ ಮುಖ ನೋಡಿ ತನ್ನ ಹಂಡೆಯ ಕಡೆಗೆ ಹೋದಳು.

ಒಲೆ ಬಿಟ್ಟು ಹೋಗುವವರು ಬಾಯಿಬಿಟ್ಟು ಅಪ್ಪಣೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಮುಖದ ಮೇಲೆ ಬೇಡ ಎನ್ನಲು ಜನಕ್ಕೆ ಸಂಕೋಚ ಎಂದು ಹೀಗೆ ಮಾಡಿದ್ದಾರೆ: ಹೋಗುವವರು ತಮ್ಮ ಪಾಳಿಯ ದಿನ ಹೋಳಿಗೆ ಮಾಡಿ ತಾವೇ ಬಡಿಸಬೇಕು. ಮೊದಲನೆಯದು ಊಟದ ಲೆಕ್ಕ. ಎರಡನೆಯದನ್ನು ಹಾಕಿಸಿಕೊಂಡರೆ ಒಪ್ಪಿಗೆ, ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಇಲ್ಲ. ಒಬ್ಬರು ಅಡ್ಡ ಹಿಡಿದರೂ ಅಲ್ಲಿಗೆ ಮುಗಿಯಿತು, ಒಲೆ ಆರದಷ್ಟು ಜನ ಹಿಂದೆ ಉಳಿಯಬೇಕು. ಊಟದ ಕೊನೆಗೆ ವಾರ್ಡಿನಿಂದ ಎಲೆಸಾಕ್ಷಿ ಬಂದು ತಾಟುಗಳನ್ನು ನೋಡಿ ಬರೆದುಕೊಳ್ಳುತ್ತಾರೆ. ಎಲೆಯಲ್ಲಿ ಉಣ್ಣುವುದು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಹುದ್ದೆಯ ಹೆಸರು ಹಾಗೇ ಉಳಿದಿದೆ.

ಹೋದ ಸೋಮವಾರ ನಾನು ಬಡಿಸಿದೆ. ಸಾಲಾಗಿ ಎಲ್ಲರೂ ಎರಡನೆಯದನ್ನು ಹಾಕಿಸಿಕೊಂಡರು. ದುಂಡವ್ವ ಕೈ ಅಡ್ಡ ಹಿಡಿದಳು. ಅಂಗೈಯಲ್ಲಿ ಅಳಲೆಕಾಯಿಯ ಕಪ್ಪು ಇತ್ತು, ಈಗಲೂ ಕಣ್ಣ ಮುಂದಿದೆ. ನಾನು ಬಗ್ಗಿದ್ದರಿಂದ ಬೇರೆ ಯಾರಿಗೂ ಕಾಣಲಿಲ್ಲ. ನಾನು ಕಾಣದವನಂತೆ ಮುಂದಕ್ಕೆ ಹೋದೆ. ಅಷ್ಟರಲ್ಲಿ ಅವಳ ಹಂಡೆ ಉಕ್ಕಿ ಒಲೆಯ ಮೇಲೆ ಚುರ್ ಎಂದಿತು, ಅವಳು ಎದ್ದು ಓಡಿದಳು. ಅಜ್ಜೀ, ನಾನು ಹಿಂದಕ್ಕೆ ಬಂದೆ. ಅವಳ ತಾಟಿಗೆ ಹೋಳಿಗೆ ಹಾಕಿದೆ. ಮತ್ತೆ ಎತ್ತಿಡಲು ಬಾರದಂತೆ ಮೇಲೆ ಹಾಲೂ ಸುರಿದೆ. ಇಷ್ಟಕ್ಕೆ ನನಗೆ ಎರಡು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

ಅವಳು ಬಂದು ಕೂತಳು, ತಾಟು ನೋಡಿದಳು, ನನ್ನನ್ನು ನೋಡಿದಳು. ಎಲೆಸಾಕ್ಷಿ ಆಗಲೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಪಕ್ಕದಲ್ಲಿ ನೀಲಾಂಬಿಕೆ ಕೂತು ಅವಳ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಆ ಹುಡುಗಿಯ ಮುಂದೆ ಅವಳ ಅಪ್ಪನನ್ನು ಕಳ್ಳ ಎನ್ನಲು ದುಂಡವ್ವನಿಗೆ ಆಗಲಿಲ್ಲ ಎಂದುಕೊಳ್ಳುತ್ತೇನೆ. “ತಾಟಿನ್ಯಾಗ ಬಿದ್ದದ್ದನ್ನ ಬಿಡಬಾರ್ದು” ಎಂದು ಮೆಲ್ಲಗೆ ಹೇಳಿ ಮುರಿದು ತಿಂದಳು. ಪೂರ್ತಿ ತಿಂದಳು. ಎಲೆಸಾಕ್ಷಿ ನಮ್ಮ ಒಲೆಯ ಮುಂದೆ ‘ಎಲ್ಲರ ಒಪ್ಪಿಗೆ’ ಎಂದು ಬರೆದುಕೊಂಡು ತಮಗೂ ಒಂದು ಹೋಳಿಗೆ ಕಟ್ಟಿಸಿಕೊಂಡು ಹೋದರು.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಊರು ಬಿಡುವ ಸಂಕಟ ಎಂದು ಕಸ್ತೂರಿ ಬೆನ್ನು ಸವರುತ್ತಾಳೆ, ಆಗ ಇನ್ನೂ ನಾಚಿಕೆಯಾಗುತ್ತದೆ. ನಾಳೆಯವರೆಗೆ ವಾರ್ಡಿಗೆ ಹೋಗಿ ನಿಜ ಹೇಳಲು ಅವಕಾಶವಿದೆ. ಹೇಳಿದರೆ ಮೋಸದ ಒಪ್ಪಿಗೆ ಎಂದು ಮಗಳ ಸೀಟೂ ಹೋಗುತ್ತದೆ. ಹೀಗೆ ನನ್ನ ತಪ್ಪಿನ ಮುಂದೆ ಮಗಳನ್ನು ನಿಲ್ಲಿಸಿ ಹಿಂದೆ ಅಡಗಿ ಕೂತಿದ್ದೇನೆ.

ಇವತ್ತು ಬೆಳಗ್ಗೆ ದುಂಡವ್ವ ದಾರಿಗೆಂದು ಬುತ್ತಿ ತಂದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ನೀಲಾಂಬಿಕೆಗೆ ತನ್ನ ಬಣ್ಣದ ನೂಲುಗಳ ಮಾದರಿಯ ಕಟ್ಟನ್ನು ಕೊಟ್ಟಳು, ಇಪ್ಪತ್ತೆಂಟು ಬಣ್ಣ, ಒಂದೊಂದಕ್ಕೂ ಚೀಟಿ. ತನಗಿನ್ನು ಅದು ಬೇಕಾಗಿಲ್ಲ ಎಂದು ಅವಳು ಹೇಳಲಿಲ್ಲ, ನನಗೆ ಕೇಳಿಸಿತು. ಆಮೇಲೆ ನಗುತ್ತಲೇ, “ನಿಮ್ಮಪ್ಪ ಬಡಿಸೂದ್ರಾಗ ಭಾಳ ಶಾಣ್ಯಾ ಅದಾನವಾ. ಅಲ್ಲೂ ಅವನ ಕೈಲೇನ ಬಡಿಸ್ಗೊಳ್ರಿ” ಎಂದಳು. ಮಗಳೂ ನಕ್ಕಳು. ನಾನು ಬಾಗಿಲವರೆಗೆ ಹಿಂದೆ ಹೋಗಿ, “ತಂಗೆವ್ವಾ, ಅವತ್ತು ನಾ…” ಎಂದು ಶುರು ಮಾಡಿದೆ. ಅವಳು ತಿರುಗಿ, ನನ್ನ ಮಾತಿಗೆ ಕೈ ಅಡ್ಡ ಹಿಡಿದಳು. ಅದೇ ಕಪ್ಪು ಅಂಗೈ. ಈ ಸಲ ಕಂಡೆ, ಸುಮ್ಮನಾದೆ.

ಅಜ್ಜೀ, ಈ ಪತ್ರ ನಿಮಗೆ ಹೇಗೆ ತಲುಪುತ್ತದೋ ನನಗೆ ಗೊತ್ತಿಲ್ಲ. ತಲುಪಿದರೆ ಒಂದು ಉಪಕಾರ ಮಾಡಿ. ನೀವೂ ಬಹುಶಃ ಈಗ ಇದೇ ಟ್ರಂಕು ತುಂಬುತ್ತಿದ್ದೀರಿ. ತಳಕ್ಕೆ ಹಾಸಿದ ಕಾಗದದ ಕೆಳಗೆ ನಿಮ್ಮ ಕೈಯಲ್ಲೇ ಒಂದು ಚೀಟಿ ಬರೆದಿಡಿ: ‘ಈಶಪ್ಪಾ, ಒಂದು ವರ್ಷ ಉಳಿ’ ಎಂದು. ಅಷ್ಟು ಸಾಕು. ಟ್ರಂಕನ್ನು ಅಟ್ಟದಿಂದ ಇಳಿಸಿದ್ದು ಹೋಳಿಗೆಯ ಹಿಂದಿನ ದಿನ, ಆಗಲೇ ತಳದ ಕಾಗದ ಎತ್ತಿ ಒರೆಸಿದ್ದೆ. ಚೀಟಿ ಅಲ್ಲಿದ್ದಿದ್ದರೆ ಕಂಡಿರುತ್ತಿತ್ತು. ನಿಮ್ಮ ಮಾತನ್ನು ಈ ಮನೆಯಲ್ಲಿ ಯಾರೂ ಮೀರುವುದಿಲ್ಲ, ನಾನೂ ಮೀರುತ್ತಿರಲಿಲ್ಲ.

ಇವತ್ತು ಮತ್ತೆ ಮೂರು ಸಲ ಎತ್ತಿ ನೋಡಿದೆ. ತಳದಲ್ಲಿ ಸ್ವಲ್ಪ ತುಕ್ಕು ಇದೆ, ಅಷ್ಟೇ.

ನಿಮ್ಮ
ಈಶಪ್ಪ