ಮಿಡತೆ ಕಳಚಿದ ಅಂಗಿ

ಶಿವನಿ
೧೨ ಅಕ್ಟೋಬರ್

ಮಾನ್ಯ ಪ್ರಸನ್ನಕುಮಾರ್ ಸರ್ ಅವರಿಗೆ,

ನಮಸ್ಕಾರಗಳು. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ರೆಕಾರ್ಡಿಗಾಗಿ ಒಂದು ಮಿಡತೆಯನ್ನು ಕೊಂದು, ಗುಂಡುಸೂಜಿ ಚುಚ್ಚಿ ತರಲು ಹೇಳಿದ್ದಿರಿ. ನಾನು ತಂದಿಲ್ಲ. ಅದಕ್ಕೆ ಕಾರಣ ನಮ್ಮಜ್ಜಿ ದುರ್ಗಮ್ಮ.

ಹಿತ್ತಲಿನ ಅವರೆ ಗಿಡದಲ್ಲಿದ್ದ ಮಿಡತೆಯನ್ನು ಹಿಡಿಯಲು ಹೋದಾಗ ಅಜ್ಜಿ ನನ್ನ ಕೈ ಹಿಡಿದರು. "ತಡಿಯೇ, ತಲೆಕೆಳಗಾಗಿ ನೇತಾಡ್ತೈತೆ. ಅಂಗಿ ಕಳಚೋ ಹೊತ್ತು," ಅಂದರು.

ಅಲ್ಲಾಡದೆ ಕುಳಿತೆವು. ಮಿಡತೆಯ ಬೆನ್ನಿನ ಚರ್ಮ ಬಿರಿಯಿತು. ಮೊದಲು ತಲೆ, ಆಮೇಲೆ ಉದ್ದನೆಯ ಹಿಂಗಾಲುಗಳು ಹೊರಬಂದವು. ಮುದುಡಿದ್ದ ರೆಕ್ಕೆ ನಮ್ಮ ಕಣ್ಣೆದುರೇ ಅಗಲವಾಯಿತು. ಹೊಟ್ಟೆ ಉಬ್ಬಿ ಇಳಿಯುವುದನ್ನು ನೋಡಿ ಅಜ್ಜಿ, "ಇದಕ್ಕೆ ಮೂಗೇ ಇಲ್ಲ ಕಣೇ, ಪಕ್ಕೆಯಿಂದ್ಲೇ ಉಸಿರಾಡ್ತೈತೆ," ಅಂದರು. ನಾನು ಪುಸ್ತಕದಲ್ಲಿ ಓದಿ ಕಲಿತದ್ದನ್ನು ಅಕ್ಷರ ಬಾರದ ಅಜ್ಜಿ ಬರೀ ನೋಡಿ ತಿಳಿದುಕೊಂಡರು.

ಅದು ಕಳಚಿ ಬಿಟ್ಟುಹೋದ ಚರ್ಮವನ್ನು ಈ ಪತ್ರದ ಜೊತೆಗಿರುವ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ. ಮೀಸೆ, ಆರು ಕಾಲು, ಕಾಲಿನ ಮುಳ್ಳು, ಕಣ್ಣಿನ ಹೊದಿಕೆ ಎಲ್ಲವೂ ಇವೆ. ದಯವಿಟ್ಟು ಇದನ್ನೇ ಒಪ್ಪಿಕೊಳ್ಳಿ. ಆಗದಿದ್ದರೆ ಅಂಕ ಬಿಟ್ಟುಕೊಡುತ್ತೇನೆ.

ಇನ್ನೊಂದು ಕೋರಿಕೆ ಇದೆ. ನಮ್ಮ ಕಾಲೇಜಿನ ವರಾಂಡವನ್ನು ಅಜ್ಜಿ ಹದಿನೆಂಟು ವರ್ಷ ಗುಡಿಸಿದ್ದಾರೆ. ಲ್ಯಾಬಿನ ಒಳಗೆ ಎಂದೂ ಕಾಲಿಟ್ಟಿಲ್ಲ. ಈಗ ಮಿಡತೆಯ ಕಣ್ಣನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕಂತೆ. "ನನ್ನಂಥೋಳ್ನ ಒಳಗೆ ಬಿಡ್ತಾರೇನೇ?" ಎಂದು ಕೇಳಿದರು. ನಿಮ್ಮನ್ನು ಕೇಳದೆಯೇ ನಾನು ಹೂಂ ಅಂದುಬಿಟ್ಟೆ.

ಶನಿವಾರ ಬೆಳಗಿನ ಅಜ್ಜಂಪುರದ ಬಸ್ಸಿಗೆ ಇಬ್ಬರೂ ಬರುತ್ತೇವೆ. ಅಜ್ಜಿ ಆಗಲೇ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಿಟ್ಟಿದ್ದಾರೆ.

ನಿಮ್ಮ ವಿದ್ಯಾರ್ಥಿನಿ,
ಧನುಶ್ರೀ
ಎರಡನೇ ವರ್ಷದ ಬಿ.ಎಸ್ಸಿ.